ಹಾಫ್ ಕ್ಲಚ್ಚಿನಲ್ಲಿ ಎಷ್ಟು ಹೊತ್ತು? ವಾಹನ ಚಾಲನೆ ಕುರಿತು ಓದುಗರ ಪ್ರಶ್ನೆಗಳು

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಲಚ್ ಮತ್ತು ಗೇರಿಗೆ ಸಂಬಂಧಿಸಿದವು. ಕಾಸರಗೋಡಿನ ನೆಲವೇ ಹಾಗಿದೆ. ಕರಾವಳಿಯ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ ಸಾಕು, ಮುರಕಲ್ಲಿನ ಗುಡ್ಡ ಹತ್ತಬೇಕು, ತೋಟದ ತಗ್ಗಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಯಲಿಗೆ ಬಾರದೆ ಉಳಿಯುವ ಕಾಲಿನ ದುರಭ್ಯಾಸವೊಂದು ಇಲ್ಲಿ ಬಹಳ ಬೇಗನೆ ಗ್ಯಾರೇಜಿನ ಬಿಲ್ಲಾಗಿ ಕೈಗೆ ಬರುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆ ತೋಟದ ನಡುವೆ ತಗ್ಗಿನಲ್ಲಿದೆ. ಅಂಗಳದಿಂದ ಡಾಮರು ರಸ್ತೆಗೆ ಬರಲು ಕಡಿದಾದ ಕಾಂಕ್ರೀಟಿನ ಚಡಾವು ಇದ್ದು, ರಸ್ತೆ ಸೇರುವಲ್ಲಿ ಎಡಬಲ ನೋಡಲು ಕಾರು ನಿಲ್ಲಿಸಲೇಬೇಕು. ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಇಂಜಿನ್ ಆಫ್ ಆಗುತ್ತದೆ. ಲೈಸೆನ್ಸಿನ ಎಚ್ ಟೆಸ್ಟಿನಲ್ಲಿ (ಎಚ್ ಆಕಾರದ ಪಥದಲ್ಲಿ ಕಾರನ್ನು ಹಿಂದೆ ಮುಂದೆ ನಡೆಸುವ ಪರೀಕ್ಷೆ) ಮೊದಲ ಸಲವೇ ಪಾಸಾದ ನನಗೆ ಈ ಚಡಾವು ಮಾತ್ರ ಇನ್ನೂ ಒಲಿದಿಲ್ಲ. ಮನೆಯವರು ಕಾರನ್ನು ಮೇಲೆ ತಂದು ಕೊಟ್ಟರಷ್ಟೇ ನಾನು ಹೊರಡುವುದು. (ಓದುಗರೊಬ್ಬರು, ಬದಿಯಡ್ಕ ಸಮೀಪ)

ಉತ್ತರ: ಎಚ್ ಟೆಸ್ಟ್ ನಡೆಯುವುದು ಮಟ್ಟಸವಾದ ಮೈದಾನದಲ್ಲಿ. ಅಲ್ಲಿ ನಿಮ್ಮ ಸ್ಟಿಯರಿಂಗ್ ಹಿಡಿತ ಮತ್ತು ಹಿಂದೆ ನೋಡಿ ಅಂದಾಜು ಮಾಡುವ ಶಕ್ತಿ ಪರೀಕ್ಷೆಗೆ ಒಳಗಾಗುತ್ತದೆಯೇ ಹೊರತು ಚಡಾವಿನ ಕ್ಲಚ್ ಅಲ್ಲ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮವು ಚಾಲಕರಿಗೆ ಇರಬೇಕಾದ ಸಾಮರ್ಥ್ಯಗಳನ್ನು ಹೇಳುವಾಗ, ಕಡಿದಾದ ಏರಿನಲ್ಲಿ ವಾಹನ ನಿಲ್ಲಿಸಿ, ಹಿಂದಕ್ಕೆ ಸರಿಯಗೊಡದೆ ಮತ್ತೆ ಹೊರಡಿಸುವುದನ್ನೂ ಸೇರಿಸಿದೆ. ನಿಮಗೆ ಕಲಿಸದೆ ಬಿಟ್ಟ ಪಾಠವನ್ನೇ ನೀವು ಕೇಳುತ್ತಿದ್ದೀರಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಮೊದಲು ಕ್ಲಚ್ಚಿನೊಳಗೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಕಾಲಿಗೆ ಹೇಳುವುದು ಸುಲಭವಾಗುತ್ತದೆ. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರ ಸದಾ ತಿರುಗುತ್ತಿರುತ್ತದೆ. ಗೇರ್ ಬಾಕ್ಸಿಗೆ ಹೋಗುವ ಶಾಫ್ಟಿನ ಮೇಲೆ ಕ್ಲಚ್ ಪ್ಲೇಟ್ ಇರುತ್ತದೆ. ಪ್ರೆಶರ್ ಪ್ಲೇಟ್ ಎಂಬ ಉಕ್ಕಿನ ಬಿಲ್ಲೆ ತನ್ನ ಸ್ಪ್ರಿಂಗಿನ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ನೀವು ಪೆಡಲ್ ತುಳಿದಾಗ ಆ ಹಿಡಿತ ಬಿಡುತ್ತದೆ, ಪೆಡಲಿನಿಂದ ಕಾಲು ತೆಗೆದಾಗ ಮತ್ತೆ ಹಿಡಿಯುತ್ತದೆ. ಇವೆರಡರ ನಡುವೆ ಪ್ಲೇಟು ಅರೆಬರೆ ಹಿಡಿದು ಜಾರುತ್ತಾ ತಿರುಗುವ ಒಂದು ಸ್ಥಿತಿ ಇದೆ. ಚಾಲಕರು ಹಾಫ್ ಕ್ಲಚ್ ಎನ್ನುವುದು ಅದನ್ನೇ. ನಿಂತ ವಾಹನ ಹೊರಡಬೇಕಾದರೆ ಈ ಸ್ಥಿತಿಯನ್ನು ದಾಟಲೇಬೇಕು. ಆದರೆ ಅಲ್ಲಿ ಉಳಿದಷ್ಟು ಹೊತ್ತೂ ಪ್ಲೇಟು ಬಿಸಿಯಾಗುತ್ತಾ ಸವೆಯುತ್ತಿರುತ್ತದೆ.

ಈಗ ನಿಮ್ಮ ಚಡಾವಿಗೆ ಬರೋಣ. ಮೇಲೆ ನಿಲ್ಲಿಸಿದ ಕೂಡಲೇ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆಯಿರಿ. ಆಮೇಲೆ ಬಲಗಾಲಿನ ಜವಾಬ್ದಾರಿ ಮುಗಿಯಿತೆಂದು ತಿಳಿದು, ಎಡಬಲ ನೋಡುವ ಕೆಲಸವನ್ನು ನಿಧಾನವಾಗಿ ಮಾಡಿ. ಹೊರಡುವ ಸಮಯ ಬಂದಾಗ ಕ್ಲಚ್ ಪೂರ್ತಿ ತುಳಿದು ಮೊದಲ ಗೇರ್ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಇಂಜಿನ್ನಿನ ಸದ್ದು ಏರಿದ್ದನ್ನು ಕೇಳಿಸಿಕೊಳ್ಳಿ. ಬಳಿಕ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಸದ್ದು ತುಸು ತಗ್ಗಿ ದಪ್ಪವಾಗುತ್ತದೆ, ಬಾನೆಟ್ಟಿನ ಮುಂಭಾಗ ಕೂದಲೆಳೆಯಷ್ಟು ಮೇಲೇಳುತ್ತದೆ, ಸೀಟಿನಲ್ಲಿ ಕುಳಿತ ನಿಮಗೆ ಕಾರು ಮುಂದಕ್ಕೆ ತವಕಿಸುವುದು ತಿಳಿಯುತ್ತದೆ. ಕ್ಲಚ್ ಹಿಡಿಯುವ ಪಾಯಿಂಟ್ ಎಂದರೆ ಇದೇ. ಎಡಗಾಲನ್ನು ಅಲ್ಲಿಯೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದಕ್ಕೆ ಹೋಗುವುದಿಲ್ಲ. ಚಕ್ರ ಮುಂದಕ್ಕೆ ಉರುಳತೊಡಗಿದ ಮೇಲೆ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾ ಕ್ಲಚ್ಚನ್ನು ಪೂರ್ತಿ ಬಿಟ್ಟುಬಿಡಿ.

ಇಂಜಿನ್ ಆಫ್ ಆಗುತ್ತಿದ್ದರೆ ಆಕ್ಸಿಲರೇಟರ್ ಸಾಲದಾಗಿದೆ ಅಥವಾ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಿದ್ದೀರಿ ಎಂದರ್ಥ. ಹಿಂದಕ್ಕೆ ಜಾರುತ್ತಿದ್ದರೆ ಕ್ಲಚ್ ಹಿಡಿಯುವ ಮೊದಲೇ ಬ್ರೇಕ್ ಬಿಟ್ಟಿದ್ದೀರಿ. ಜಾರತೊಡಗಿದಾಗ ಗಾಬರಿಯಿಂದ ಕ್ಲಚ್ ತುಳಿಯುವವರು ಬಹಳ ಮಂದಿ. ಹಾಗೆ ಮಾಡಿದರೆ ಕಾರು ಇನ್ನೂ ಬೇಗ ಜಾರುತ್ತದೆ. ಆಗ ಮಾಡಬೇಕಾದದ್ದು ಕಾಲಿನ ಬ್ರೇಕನ್ನು ಗಟ್ಟಿಯಾಗಿ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಮೊದಲಿನಿಂದ ಆರಂಭಿಸುವುದು. ಹಿಂದಿನ ವಾಹನದವರು ಹಾರ್ನ್ ಹಾಕಿದರೂ ಅವಸರ ಬೇಡ.

ಅಭ್ಯಾಸಕ್ಕೆ ನಿಮ್ಮ ಚಡಾವನ್ನೇ ಮೊದಲು ಆರಿಸಿಕೊಳ್ಳಬೇಡಿ. ವಾಹನ ಸಂಚಾರವಿಲ್ಲದ, ಸಾಧಾರಣ ಏರಿನ ಜಾಗದಲ್ಲಿ, ಪಕ್ಕದಲ್ಲಿ ಬಲ್ಲವರನ್ನು ಕುಳ್ಳಿರಿಸಿಕೊಂಡು, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಹಿಡಿಯುವ ಪಾಯಿಂಟನ್ನು ಹುಡುಕುವುದು, ಮತ್ತೆ ತುಳಿಯುವುದು, ಇಷ್ಟನ್ನೇ ಕೆಲವು ಸಲ ಮಾಡಿ. ಪ್ಲೇಟು ಬಿಸಿಯಾಗದಂತೆ ನಡುನಡುವೆ ಬಿಡುವು ಕೊಡಿ. ಕಾಲಿಗೆ ಆ ಜಾಗ ತಿಳಿದ ಮೇಲೆ ಮನೆಯ ಚಡಾವು ಭಯ ಹುಟ್ಟಿಸುವುದಿಲ್ಲ. ನಿಮ್ಮದು ಹೊಸ ಮಾದರಿಯ ಕಾರಾಗಿದ್ದು ಹಿಲ್ ಹೋಲ್ಡ್ ಸೌಲಭ್ಯ ಇದ್ದರೆ, ಬ್ರೇಕಿನಿಂದ ಕಾಲು ತೆಗೆದ ಮೇಲೂ ಸುಮಾರು ಎರಡು ಸೆಕೆಂಡು ಕಾರು ತಾನಾಗಿ ನಿಂತಿರುತ್ತದೆ. ಅದು ಒಳ್ಳೆಯದೇ, ಆದರೂ ಹ್ಯಾಂಡ್ ಬ್ರೇಕಿನ ಕ್ರಮವನ್ನು ಕಲಿತೇ ಇರಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಾಳೆ ನೀವು ಇನ್ನೊಬ್ಬರ ಕಾರು ಓಡಿಸಬೇಕಾಗಬಹುದು.

ಮಳೆಗಾಲದ ಒಂದು ಮಾತು. ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಚಡಾವಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿದ್ದರೆ ಚಕ್ರ ನಿಂತಲ್ಲೇ ಗರಗರ ತಿರುಗುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಕೆಡುಕು. ಅಂಗಳದಲ್ಲಿ ಮಟ್ಟಸ ಜಾಗದಿಂದಲೇ ಮೊದಲ ಗೇರಿನಲ್ಲಿ ಹೊರಟು, ನಡುವೆ ಗೇರ್ ಬದಲಿಸದೆ, ಒಂದೇ ಸಮನಾದ ವೇಗದಲ್ಲಿ ಹತ್ತಿ. ಮಳೆ ಬಿಟ್ಟಾಗ ಪಾಚಿಯನ್ನು ಉಜ್ಜಿ ತೆಗೆಸಿ. ಮುಂದೆ ಕಾಂಕ್ರೀಟು ಹಾಕಿಸುವ ಸಂದರ್ಭ ಬಂದರೆ ಅಡ್ಡ ಗೀರುಗಳನ್ನು ಹಾಕಿಸಿ. ಸಾಧ್ಯವಿದ್ದರೆ ರಸ್ತೆ ಸೇರುವಲ್ಲಿ ಒಂದು ಕಾರಿನುದ್ದದಷ್ಟು ಜಾಗವನ್ನು ಮಟ್ಟ ಮಾಡಿಸಿಕೊಂಡರೆ ನಿಮ್ಮ ಸಮಸ್ಯೆಯೇ ಇಲ್ಲವಾಗುತ್ತದೆ.

ಪ್ರಶ್ನೆ: ನನ್ನ ಕಾರು ಓಡಿದ್ದು 28,000 ಕಿಲೋಮೀಟರ್ ಮಾತ್ರ. ಚಡಾವಿನಲ್ಲಿ ಎಳೆಯುತ್ತಿಲ್ಲವೆಂದು ತೋರಿಸಿದಾಗ ಕ್ಲಚ್ ಪ್ಲೇಟ್ ಮುಗಿದಿದೆ ಎಂದರು. ಇಷ್ಟು ಬೇಗ ಮುಗಿಯುವುದುಂಟೇ? ಮೆಕ್ಯಾನಿಕ್ ಹೇಳಿದ್ದನ್ನು ನಂಬಬಹುದೇ? (ದಿನಸಿ ವ್ಯಾಪಾರಿ, ಮುಳ್ಳೇರಿಯ)

ಉತ್ತರ: ಮುಗಿಯುವುದುಂಟು. ಕ್ಲಚ್ ಪ್ಲೇಟಿಗೆ ಇಷ್ಟೇ ಕಿಲೋಮೀಟರ್ ಎಂಬ ಆಯುಷ್ಯವಿಲ್ಲ. ಒಬ್ಬರ ಕಾಲಿನಲ್ಲಿ ಒಂದು ಲಕ್ಷ ಕಿಲೋಮೀಟರ್ ದಾಟಿ ಬಾಳುವ ಪ್ಲೇಟು ಇನ್ನೊಬ್ಬರ ಕಾಲಿನಲ್ಲಿ ಅದರ ಕಾಲುಭಾಗಕ್ಕೇ ಸವೆದುಹೋಗುತ್ತದೆ. ಮೆಕ್ಯಾನಿಕ್ ಹೇಳಿದ್ದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಖಾಲಿಯಾದ ಮಟ್ಟಸ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಚೆನ್ನಾಗಿ ಒತ್ತಿ. ಇಂಜಿನ್ನಿನ ಸದ್ದು ಸರ್ರನೆ ಏರಿ, ವೇಗ ಮಾತ್ರ ಅದಕ್ಕೆ ತಕ್ಕಂತೆ ಏರದಿದ್ದರೆ ಪ್ಲೇಟು ಜಾರುತ್ತಿದೆ ಎಂಬುದು ಖಚಿತ. ಒಂದು ವಿಷಯವನ್ನು ಮಾತ್ರ ಮೊದಲು ನೋಡಿಸಿ: ನಿಮ್ಮದು ಕೇಬಲ್ ಕ್ಲಚ್ ಆಗಿದ್ದು ಕೇಬಲ್ ಅತಿಯಾಗಿ ಬಿಗಿಯಾಗಿದ್ದರೆ, ಪೆಡಲಿನಲ್ಲಿ ಇರಬೇಕಾದ ಸಡಿಲು ಇಲ್ಲದೆ, ಪ್ಲೇಟು ಚೆನ್ನಾಗಿದ್ದರೂ ಜಾರುತ್ತದೆ. ಅದು ಬರಿಯ ಅಡ್ಜಸ್ಟ್‌ಮೆಂಟಿನಿಂದ ಸರಿಹೋಗುವ ವಿಷಯ.

ಬಿಚ್ಚಿದ ಮೇಲೆ ಹಳೆಯ ಪ್ಲೇಟನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಹೊಸ ಪ್ಲೇಟಿನಲ್ಲಿ ಘರ್ಷಣೆಯ ಪದರದ ಮೇಲೆ ಗೆರೆಗಳು ಸ್ಪಷ್ಟವಾಗಿದ್ದು, ರಿವೆಟ್ಟುಗಳ ತಲೆ ಒಳಕ್ಕೆ ಹುದುಗಿರುತ್ತದೆ. ಸವೆದ ಪ್ಲೇಟಿನಲ್ಲಿ ಗೆರೆಗಳು ಅಳಿಸಿಹೋಗಿ, ರಿವೆಟ್ಟಿನ ತಲೆ ಪದರದ ಮಟ್ಟಕ್ಕೆ ಬಂದಿರುತ್ತದೆ. ಮೇಲ್ಮೈ ಕನ್ನಡಿಯಂತೆ ಮಿರುಗುತ್ತಿದ್ದು, ಜೊತೆಗೆ ಪ್ರೆಶರ್ ಪ್ಲೇಟಿನ ಉಕ್ಕಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಕಂಡರೆ, ಅದು ಹಾಫ್ ಕ್ಲಚ್ಚಿನಲ್ಲಿ ಬಹುಕಾಲ ಬೆಂದದ್ದರ ಗುರುತು. ಆ ಕಲೆಗಳು ಬರಿಯ ಓಟದಿಂದ ಬರುವುದಿಲ್ಲ.

ಅಷ್ಟು ಬಿಸಿಯಾಗಲು ಕಾರಣವೇನು ಎಂಬುದನ್ನು ನೀವು ಬರೆದಿಲ್ಲ. ಆದರೆ ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಅಭ್ಯಾಸ. ಮೊದಲನೆಯದು, ಓಡುತ್ತಿರುವಾಗಲೂ ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಇರಿಸಿಕೊಳ್ಳುವುದು. ಕಾಲಿನ ಬರಿಯ ಭಾರವೇ ಸ್ಪ್ರಿಂಗಿನ ಒತ್ತಡವನ್ನು ಕಡಿಮೆ ಮಾಡಿ, ಭಾರ ಎಳೆಯುವಾಗ ಪ್ಲೇಟು ಜಾರುವಂತೆ ಮಾಡಬಲ್ಲದು. ಪೆಡಲ್ ತುಳಿದಾಗ ಆ ಸ್ಪ್ರಿಂಗನ್ನು ಒತ್ತುವ ರಿಲೀಸ್ ಬೇರಿಂಗಿಗೂ ಬಿಡುವಿಲ್ಲದ ಕೆಲಸ. ಎರಡನೆಯದು, ಚಡಾವಿನಲ್ಲಿ ಎದುರಿನ ಬಸ್ಸಿಗೆ ದಾರಿ ಕೊಡಲು ನಿಂತಾಗ ಬ್ರೇಕ್ ಹಾಕದೆ ಕ್ಲಚ್ ಮತ್ತು ಆಕ್ಸಿಲರೇಟರಿನಿಂದಲೇ ಕಾರನ್ನು ತೂಗಿಸಿಕೊಂಡು ನಿಲ್ಲುವುದು. ಎರಡು ಅಂಗೈಗಳನ್ನು ಒತ್ತಿ ಉಜ್ಜುತ್ತಲೇ ಇದ್ದರೆ ಏನಾಗುತ್ತದೋ ಪ್ಲೇಟಿಗೂ ಅದೇ ಆಗುತ್ತದೆ. ಇದನ್ನು ಚಾಲನೆಯ ಚಾಕಚಕ್ಯತೆ ಎಂದು ತಿಳಿದವರಿದ್ದಾರೆ. ಅದು ಖಂಡಿತವಾಗಿ ಚಾಕಚಕ್ಯತೆಯಲ್ಲ. ಚಡಾವಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವ ಕೆಲಸ ಬ್ರೇಕಿನದು. ಅಂದಹಾಗೆ, ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ಹತ್ತಿ ಬರುವ ವಾಹನಕ್ಕೆ ಇಳಿಯುವವರೇ ದಾರಿ ಬಿಡಬೇಕೆಂದು ಸಂಚಾರ ನಿಯಮವೂ ಹೇಳುತ್ತದೆ. ಇದನ್ನು ಇಳಿಯುವವರು ಪಾಲಿಸಿದರೆ ಎಷ್ಟೋ ಕ್ಲಚ್ಚುಗಳು ಉಳಿಯುತ್ತವೆ.

ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು ಇಂಜಿನ್ನನ್ನು ಹಾಗೆಯೇ ಓಡಲು ಬಿಡಿ. ಆಗ ಪ್ಲೇಟು ಜಾರದೆ ಫ್ಲೈವೀಲಿನೊಡನೆ ತಿರುಗುತ್ತಾ ಗಾಳಿಯಾಡಿ ತಣಿಯುತ್ತದೆ. ಹೊಸ ಪ್ಲೇಟು ಹಾಕಿಸುವಾಗ ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಗೇರ್ ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಕೊಡುವಂತಾಗಬಾರದು.

ಪ್ರಶ್ನೆ: ನಿಲ್ಲಿಸುವಾಗ ಮೊದಲು ಬ್ರೇಕ್ ತುಳಿಯಬೇಕೋ ಕ್ಲಚ್ ತುಳಿಯಬೇಕೋ? ಡ್ರೈವಿಂಗ್ ಸ್ಕೂಲಿನಲ್ಲಿ ಎರಡನ್ನೂ ಒಟ್ಟಿಗೆ ತುಳಿಯಲು ಕಲಿಸಿದ್ದಾರೆ. (ಕಾಲೇಜು ವಿದ್ಯಾರ್ಥಿ, ಮಂಜೇಶ್ವರ)

ಉತ್ತರ: ಸಾಮಾನ್ಯವಾಗಿ ಬ್ರೇಕ್ ಮೊದಲು. ಗೇರಿನಲ್ಲಿರುವ ಇಂಜಿನ್ ತಾನೇ ವಾಹನದ ವೇಗವನ್ನು ಕಡಿಮೆ ಮಾಡಲು ನೆರವಾಗುತ್ತದೆ. ಮೊದಲೇ ಕ್ಲಚ್ ತುಳಿದರೆ ಆ ನೆರವನ್ನು ಕಳೆದುಕೊಳ್ಳುತ್ತೀರಿ. ವೇಗ ತಗ್ಗಿ, ಇಂಜಿನ್ ನಡುಗುವ ಹಂತಕ್ಕೆ ಬರುವ ಮುನ್ನ ಕ್ಲಚ್ ತುಳಿದರೆ ಸಾಕು. ಮೊದಲ ಗೇರಿನಲ್ಲಿ ತೆವಳುತ್ತಿರುವಾಗ ನಿಲ್ಲಿಸಬೇಕಾದರೆ ಮಾತ್ರ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತವೆ. ದನವೋ ಮಗುವೋ ಅಡ್ಡ ಬಂದಾಗ ಹಾಕುವ ತುರ್ತು ಬ್ರೇಕಿನಲ್ಲಿ ಈ ವಿಚಾರ ಮಾಡುತ್ತಾ ಕೂರಬಾರದು. ಎರಡನ್ನೂ ಬಲವಾಗಿ ತುಳಿಯಿರಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಪೆಡಲ್ ಕಾಲಿನಡಿಯಲ್ಲಿ ಅದುರಿದರೂ ಬ್ರೇಕ್ ಬಿಡಬೇಡಿ.

ಪ್ರಶ್ನೆ: ಭಾಗಮಂಡಲದಿಂದ ಕರಿಕೆ ಮೂಲಕ ಪಾಣತ್ತೂರಿಗೆ ಆಗಾಗ ಪಿಕಪ್ ಓಡಿಸುತ್ತೇನೆ. ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂದು ಹಿರಿಯ ಚಾಲಕರು ಹೇಳುತ್ತಾರೆ. ಬ್ರೇಕ್ ಚೆನ್ನಾಗಿರುವಾಗ ಇದರಲ್ಲಿ ತಪ್ಪೇನು? (ಪಿಕಪ್ ಚಾಲಕ, ರಾಜಪುರ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಸಲದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ತೋರಿದ್ದು ನಿಮ್ಮದು, ಏಕೆಂದರೆ ಉಳಿದವುಗಳಲ್ಲಿ ನಷ್ಟವಾಗುವುದು ಹಣ, ಇಲ್ಲಿ ಹೋಗುವುದು ಜೀವ.

ಡೀಸೆಲಿನ ಲೆಕ್ಕವನ್ನೇ ಮೊದಲು ನೋಡೋಣ. ಹಿರಿಯರು ಸುಳ್ಳು ಹೇಳಿದವರಲ್ಲ. ಕಾರ್ಬ್ಯುರೇಟರ್ ಇದ್ದ ಕಾಲದ ಪೆಟ್ರೋಲ್ ವಾಹನಗಳಲ್ಲಿ, ಗೇರಿನಲ್ಲಿ ಇಳಿಯುವಾಗಲೂ ಇಂಜಿನ್ ಇಂಧನವನ್ನು ಎಳೆದುಕೊಳ್ಳುತ್ತಿತ್ತು. ನ್ಯೂಟ್ರಲ್ ಹಾಕಿದಾಗ ಅಲ್ಪಸ್ವಲ್ಪ ಉಳಿತಾಯವಾಗಿದ್ದೀತು. ಇಂದಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ವಾಹನಗಳಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುವುದನ್ನು ಗುರುತಿಸಿ ಕಂಪ್ಯೂಟರ್ ಇಂಧನವನ್ನು ಪೂರ್ತಿಯಾಗಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ತಾನಾಗಿ ತಿರುಗಬೇಕಾದ್ದರಿಂದ ಡೀಸೆಲ್ ಸುಡಲೇಬೇಕು. ಉಳಿಸಲು ಹೋಗಿ ಖರ್ಚು ಮಾಡುತ್ತಿದ್ದೀರಿ.

ಇನ್ನು ಬ್ರೇಕಿನ ವಿಷಯ. ಗೇರಿನಲ್ಲಿ ಇಳಿಯುವಾಗ ಇಂಜಿನ್ ವಾಹನವನ್ನು ಹಿಂದಕ್ಕೆ ಹಿಡಿದಿರುತ್ತದೆ, ಬ್ರೇಕಿಗೆ ಉಳಿಯುವ ಕೆಲಸ ಕಡಿಮೆ. ನ್ಯೂಟ್ರಲ್ ಹಾಕಿದಾಗ ವಾಹನದ ಮತ್ತು ಹೇರಿದ ಸರಕಿನ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ತಿರುವಿಗೊಮ್ಮೆ ತುಳಿಯುತ್ತಾ ಬಂದಂತೆ ಬ್ರೇಕ್ ಕಾಯುತ್ತದೆ, ಕಾದ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ಚಾಲಕ ಇನ್ನೂ ಜೋರಾಗಿ ತುಳಿಯುತ್ತಾನೆ, ಅದು ಇನ್ನೂ ಕಾಯುತ್ತದೆ. ಇದರ ಜೊತೆಗೆ ಬ್ರೇಕ್ ಆಯಿಲ್ ಕುದಿಯುವ ಅಪಾಯವೂ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆದುಕೊಳ್ಳಬೇಕೆಂಬುದು ಮಾನದಂಡ. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಹೀರಿದ ಆಯಿಲಿಗೆ ನಿಗದಿಯಾದ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ನಮ್ಮಂಥ ಮಳೆಯ ಸೀಮೆಯಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲ್ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ನೀವೇ ಊಹಿಸಿ. ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆಗಳಾಗಿ, ಪೆಡಲ್ ಪ್ರತಿರೋಧವಿಲ್ಲದೆ ನೆಲಕ್ಕೆ ತಾಗುತ್ತದೆ. "ಬ್ರೇಕ್ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಫೇಲ್ ಆಯಿತು" ಎಂದು ಅಪಘಾತದ ನಂತರ ಕೇಳಿಬರುವ ಮಾತಿನ ಹಿಂದೆ ಅನೇಕ ಸಲ ಇರುವುದು ಇದೇ.

ಆ ಕ್ಷಣದಲ್ಲಿ ಗೇರ್ ಹಾಕಿಕೊಳ್ಳೋಣ ಎಂದರೆ ಅದೂ ಸುಲಭವಲ್ಲ. ನ್ಯೂಟ್ರಲ್‌ನಲ್ಲಿ ವೇಗ ಏರಿದ ಮೇಲೆ ಗೇರ್ ಬಾಕ್ಸಿನ ಎರಡು ಬದಿಗಳ ವೇಗದ ಅಂತರ ಹೆಚ್ಚಾಗಿ, ಎರಡನೆಯ ಗೇರ್ ಕರ್ರೆಂದು ಸದ್ದು ಮಾಡಿ ಒಳಗೆ ಹೋಗಲು ಒಪ್ಪುವುದಿಲ್ಲ. ಇಂಜಿನ್ನನ್ನೇ ಆಫ್ ಮಾಡಿ ಇಳಿಯುವವರದ್ದಂತೂ ಇನ್ನೂ ಘೋರ. ಕಾಲಿನ ತುಳಿತಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಕೆಲವು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಕಲ್ಲಾಗುತ್ತದೆ, ಗಾಳಿಯ ಬ್ರೇಕಿನ ಲಾರಿಗಳಲ್ಲಿ ಕಂಪ್ರೆಸರ್ ನಿಂತುಹೋಗುತ್ತದೆ. ಕೀಲಿಯನ್ನು ಹೊರಗೆ ಎಳೆದರೆ ಸ್ಟಿಯರಿಂಗೇ ಲಾಕ್ ಆಗಬಹುದು. ಕ್ಲಚ್ ತುಳಿದುಕೊಂಡೇ ತಿರುವು ಇಳಿಯುವುದೂ ನ್ಯೂಟ್ರಲ್‌ಗೆ ಸಮಾನವೇ ಎಂಬುದನ್ನು ಮರೆಯಬಾರದು.

ಸರಿಯಾದ ಕ್ರಮ ಹೀಗಿದೆ. ಇಳಿಜಾರು ಆರಂಭವಾಗುವ ಮೊದಲೇ ಗೇರ್ ತಗ್ಗಿಸಿಕೊಳ್ಳಿ. ಅದೇ ಚಡಾವನ್ನು ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಲೆಕ್ಕ ಇಂದಿಗೂ ಸರಿಯಾದದ್ದೇ. ಕರಿಕೆಯ ಕಾಡಿನ ತಿರುವುಗಳಲ್ಲಿ ಸರಕು ತುಂಬಿದ ಪಿಕಪ್ಪಿಗೆ ಅದು ಹೆಚ್ಚಿನ ಕಡೆ ಎರಡನೆಯದು. ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಹಿಡಿದು ತಗ್ಗಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡಿ. ಇಂಜಿನ್ ಜೋರಾಗಿ ಕೂಗಿತೆಂದು ಹೆದರಬೇಕಾಗಿಲ್ಲ. ಇಂಜಿನ್ನಿನ ವೇಗ ತೋರಿಸುವ ಟ್ಯಾಕೋಮೀಟರಿನ ಕೆಂಪು ಗೆರೆಗೆ ಹೋಗದಂತೆ ನೋಡಿಕೊಂಡರೆ ಸಾಕು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಿ. ನಾನು ಮೇಲೆ ಹೇಳಿದ 15ನೆಯ ನಿಯಮದಲ್ಲಿಯೇ ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬದಲಿಸುವ ಸಾಮರ್ಥ್ಯವೂ ಸೇರಿದೆ ಎಂಬುದನ್ನು ನಿಮ್ಮ ಹಿರಿಯರಿಗೆ ಗೌರವದಿಂದಲೇ ತಿಳಿಸಿ.

ಪ್ರಶ್ನೆ: ರಿವರ್ಸ್ ಗೇರ್ ಹಾಕುವಾಗ ಮಾತ್ರ ಕರ್ರೆನ್ನುತ್ತದೆ. ಉಳಿದ ಗೇರುಗಳು ಸರಿಯಾಗಿ ಬೀಳುತ್ತವೆ. (ಓದುಗರೊಬ್ಬರು, ಕುಂಬಳೆ)

ಉತ್ತರ: ಗೇರ್ ಬೀಳುವ ಮುನ್ನ ಒಳಗಿನ ಭಾಗಗಳ ವೇಗವನ್ನು ಸಮನಾಗಿಸುವ ಸಿಂಕ್ರೊಮೆಶ್ ವ್ಯವಸ್ಥೆ ಮುಂದಿನ ಗೇರುಗಳಿಗೆ ಇದ್ದರೂ ಅನೇಕ ಕಾರುಗಳಲ್ಲಿ ರಿವರ್ಸಿಗೆ ಇಲ್ಲ. ಕಾರು ಪೂರ್ತಿ ನಿಂತ ಮೇಲೆ, ಕ್ಲಚ್ ತುಳಿದು ಎರಡು ಮೂರು ಸೆಕೆಂಡು ಕಾದು ಹಾಕಿ. ಅದಕ್ಕೂ ಒಪ್ಪದಿದ್ದರೆ ಕ್ಲಚ್ ತುಳಿದಿರುವಾಗಲೇ ಒಮ್ಮೆ ಎರಡನೆಯ ಗೇರಿಗೆ ಹಾಕಿ ನಂತರ ರಿವರ್ಸಿಗೆ ತನ್ನಿ; ಒಳಗೆ ತಿರುಗುತ್ತಿದ್ದ ಶಾಫ್ಟ್ ನಿಲ್ಲುತ್ತದೆ. ಕಾದ ಮೇಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲವಾಗಿದೆಯೇ, ಹೈಡ್ರಾಲಿಕ್ ಆದರೆ ಗಾಳಿ ಸೇರಿದೆಯೇ ಅಥವಾ ಆಯಿಲ್ ಸೋರಿದೆಯೇ ಎಂದು ನೋಡಿಸಿ.

ಪ್ರಶ್ನೆ: ನಮ್ಮ ತಂದೆಯವರು ಬಂದಡ್ಕ ಕಡೆ ಪ್ರಯಾಣಿಕರನ್ನು ಸಾಗಿಸುವ ಸರ್ವೀಸ್ ಜೀಪು ಓಡಿಸಿದವರು. ಅವರು ಈಗಲೂ ಗೇರ್ ತಗ್ಗಿಸುವಾಗ ಎರಡು ಸಲ ಕ್ಲಚ್ ತುಳಿಯುತ್ತಾರೆ, ನಡುವೆ ಆಕ್ಸಿಲರೇಟರ್ ಕೊಡುತ್ತಾರೆ. ನನಗೂ ಹಾಗೆಯೇ ಮಾಡಲು ಹೇಳುತ್ತಾರೆ. ಹೊಸ ಕಾರಿನಲ್ಲಿ ಅದರ ಅಗತ್ಯವಿದೆಯೇ? (ಶಿಕ್ಷಕ, ಕಾಸರಗೋಡು)

ಉತ್ತರ: ಅಗತ್ಯವಿಲ್ಲ, ಆದರೆ ನಿಮ್ಮ ತಂದೆಯವರ ಕೈಯಲ್ಲಿರುವುದು ದೊಡ್ಡ ವಿದ್ಯೆ. ಗೇರ್ ಬೀಳಬೇಕಾದರೆ ಒಳಗೆ ಕೂಡಿಕೊಳ್ಳಬೇಕಾದ ಎರಡು ಭಾಗಗಳು ಒಂದೇ ವೇಗದಲ್ಲಿ ತಿರುಗುತ್ತಿರಬೇಕು. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಬರುವವರೆಗೆ ಆ ವೇಗವನ್ನು ಹೊಂದಿಸುವುದು ಚಾಲಕನ ಕಾಲಿನ ಕೆಲಸವಾಗಿತ್ತು. ಹಳೆಯ ಅನೇಕ ಜೀಪುಗಳಲ್ಲಿ ಮೊದಲ ಗೇರಿಗೆ, ಹಳೆಯ ಲಾರಿಗಳಲ್ಲಿ ಹೆಚ್ಚಿನ ಗೇರುಗಳಿಗೆ ಆ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಒಳಗಿನ ಶಾಫ್ಟಿನ ವೇಗ ಏರಿಸಿ, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕುತ್ತಿದ್ದರು. ಎಷ್ಟು ಒತ್ತಬೇಕೆಂಬುದನ್ನು ಕಿವಿಯೇ ಹೇಳಬೇಕು. ಹತ್ತು ಹನ್ನೆರಡು ಮಂದಿಯನ್ನು ತುಂಬಿಸಿಕೊಂಡು ಮಣ್ಣಿನ ಚಡಾವಿನ ನಡುವೆ ಮೊದಲ ಗೇರಿಗೆ ಇಳಿಸಬೇಕಾದಾಗ ಆ ಒತ್ತು ತಪ್ಪಿದರೆ ಜೀಪು ಹಿಂದಕ್ಕೆ ಬರುತ್ತಿತ್ತು.

ಇಂದಿನ ಗೇರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಹಿತ್ತಾಳೆಯ ಒಂದು ಸಣ್ಣ ಬಳೆ ಆ ಕೆಲಸ ಮಾಡುತ್ತದೆ. ಅದು ಗೇರಿನ ಇಳಿಜಾರು ಮೈಗೆ ಒತ್ತಿ ಉಜ್ಜಿ ವೇಗ ಸಮನಾಗಿಸುತ್ತದೆ, ಸಮನಾಗುವವರೆಗೆ ಗೇರನ್ನು ಒಳಗೆ ಬಿಡುವುದಿಲ್ಲ. ಲಿವರನ್ನು ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು, ಮೆಲ್ಲಗೆ ಒತ್ತಡ ಕೊಟ್ಟರೆ ಅದು ತಾನೇ ಜಾರಿ ಬೀಳುತ್ತದೆ. ಬಲ ಹಾಕಿ ತುರುಕುವವರು ಆ ಬಳೆಯನ್ನೇ ಸವೆಸುತ್ತಾರೆ. ತಂದೆಯವರಿಂದ ನೀವು ಕಲಿಯಲೇಬೇಕಾದದ್ದು ಗೇರ್ ತಗ್ಗಿಸುವಾಗ ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ತುಸು ಒತ್ತಿ ಇಂಜಿನ್ನಿನ ವೇಗವನ್ನು ಹೊಂದಿಸುವ ಕ್ರಮವನ್ನು. ಒಂದೇ ಸಲ ಕ್ಲಚ್ ತುಳಿದೂ ಇದನ್ನು ಮಾಡಬಹುದು. ಕಾರು ಜಗ್ಗದೆ ಇಳಿಯುತ್ತದೆ, ಮಳೆಯಲ್ಲಿ ಚಕ್ರ ಜಾರುವ ಅಪಾಯ ತಪ್ಪುತ್ತದೆ, ಪ್ಲೇಟು ಉಳಿಯುತ್ತದೆ. ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಲಿಯಿರಿ. ಇದನ್ನು ಅವರಷ್ಟು ಚೆನ್ನಾಗಿ ನಾನು ಬರೆದು ಕಲಿಸಲಾರೆ.

ಪ್ರಶ್ನೆ: ಬೈಕಿಗೆ ಮನೆಯಲ್ಲಿ ಉಳಿದಿದ್ದ ಕಾರಿನ ಇಂಜಿನ್ ಆಯಿಲ್ ಹಾಕಿದೆ. ಆಮೇಲೆ ಚಡಾವಿನಲ್ಲಿ ಎಳೆಯುವುದಿಲ್ಲ. (ಓದುಗರೊಬ್ಬರು, ಪೆರ್ಲ)

ಉತ್ತರ: ಕಾರಿನ ಕ್ಲಚ್ ಒಣಗಿದ ಜಾಗದಲ್ಲಿರುತ್ತದೆ, ಹೆಚ್ಚಿನ ಬೈಕುಗಳಲ್ಲಿ ಹಲವು ಪ್ಲೇಟುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಅಂಶಗಳಿದ್ದರೆ ಆ ಪ್ಲೇಟುಗಳು ಹಿಡಿಯುವುದಿಲ್ಲ. ತಡಮಾಡದೆ ಅದನ್ನು ತೆಗೆಸಿ, ಡಬ್ಬಿಯ ಮೇಲೆ ಜಾಸೊ (ಜಪಾನಿನ ಆಯಿಲ್ ಮಾನದಂಡ) ಎಂಎ ಅಥವಾ ಎಂಎ2 ಎಂದು ಗುರುತಿರುವ ಬೈಕಿನ ಆಯಿಲ್ ಹಾಕಿಸಿ. ಎಂಬಿ ಎಂಬ ಗುರುತು ಗೇರಿಲ್ಲದ ಸ್ಕೂಟರುಗಳಿಗೆ ಮೀಸಲಾದದ್ದು. ಪ್ಲೇಟುಗಳು ಸುಟ್ಟಿರದಿದ್ದರೆ ಹಿಡಿತ ಮರಳಿ ಬರುತ್ತದೆ.

ಪ್ರಶ್ನೆ: ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಟಾಪ್ ಗೇರಿನಲ್ಲಿ ಹೋಗುವುದು ಸುಖ. ಆದರೆ ಸರ್ವೀಸ್ ರೋಡಿಗೆ ಇಳಿದರೆ ಸಾಲುಗಟ್ಟಿದ ವಾಹನಗಳು. ಅಲ್ಲಿ ಯಾವ ಗೇರಿನಲ್ಲಿ ಹೋಗಬೇಕು? ಮೂರನೆಯ ಗೇರಿನಲ್ಲೇ ಎಳೆಸಿದರೆ ಮೈಲೇಜ್ ಬರುವುದಿಲ್ಲವೇ? (ಬ್ಯಾಂಕ್ ಉದ್ಯೋಗಿ, ಉಪ್ಪಳ)

ಉತ್ತರ: ಬರುವುದಿಲ್ಲ. ವೇಗಕ್ಕಿಂತ ಮೇಲಿನ ಗೇರಿನಲ್ಲಿ ಇಂಜಿನ್ ಗುಡುಗುಡು ಎನ್ನುತ್ತಾ, ಲಿವರ್ ನಡುಗುತ್ತಿರುವಾಗ ಆಕ್ಸಿಲರೇಟರ್ ಒತ್ತುವುದು ಇಂಜಿನ್ನಿಗೂ ಫ್ಲೈವೀಲಿಗೂ ಪೆಟ್ಟು, ಅದರಲ್ಲೂ ಟರ್ಬೊ ಇಂಜಿನ್ನುಗಳಿಗೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಮಟ್ಟಸ ರಸ್ತೆಗೆ ಅಂದಾಜು ಹೇಳುವುದಾದರೆ, 15 ಕಿಲೋಮೀಟರ್ ವೇಗದ ಸುಮಾರಿಗೆ ಎರಡನೆಯ, 30ರ ಸುಮಾರಿಗೆ ಮೂರನೆಯ, 45ರ ಸುಮಾರಿಗೆ ನಾಲ್ಕನೆಯ, 60ರ ಸುಮಾರಿಗೆ ಐದನೆಯ ಗೇರ್ ಸರಿಹೋಗುತ್ತದೆ. ಚಡಾವಿನಲ್ಲಿ ಇನ್ನೂ ಸ್ವಲ್ಪ ತಡವಾಗಿ ಏರಿಸಬೇಕು. ಸಂಖ್ಯೆಗಿಂತ ಇಂಜಿನ್ನಿನ ಸದ್ದನ್ನು ನಂಬಿ.

ಸಾಲಿನಲ್ಲಿ ತೆವಳುವಾಗ ಹೆಚ್ಚಿನವರು ಮುಂದಿನ ವಾಹನದ ಬೆನ್ನಿಗೇ ಅಂಟಿಕೊಂಡು ಹಾಫ್ ಕ್ಲಚ್ಚಿನಲ್ಲಿ ಅಂಗುಲ ಅಂಗುಲ ಜರುಗುತ್ತಾರೆ. ಎದುರು ಸ್ವಲ್ಪ ಜಾಗ ತೆರವಾಗಲು ಬಿಡಿ. ಬಳಿಕ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಕಾರನ್ನು ತಾನಾಗಿ ನಡೆಯಲು ಬಿಡಿ. ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಅದು ಹೋಗುತ್ತದೆ. ಪೂರ್ತಿ ನಿಂತು ಕಾಯಬೇಕಾದರೆ ನ್ಯೂಟ್ರಲ್‌ಗೆ ತಂದು ಎಡಗಾಲಿಗೆ ವಿಶ್ರಾಂತಿ ಕೊಡಿ.

ಪ್ರಶ್ನೆ: ಮಂಡಿನೋವಿನಿಂದಾಗಿ ಕ್ಲಚ್ ಪೆಡಲ್ ಇಲ್ಲದ ಎಎಂಟಿ ಕಾರು ಕೊಂಡೆ. ಇದಕ್ಕೂ ಕ್ಲಚ್ ಪ್ಲೇಟ್ ಇದೆಯೆಂದು ಈಗ ಹೇಳುತ್ತಾರೆ. ನಾನು ಏನು ಎಚ್ಚರ ವಹಿಸಬೇಕು? (ನಿವೃತ್ತ ಉದ್ಯೋಗಿ, ಹೊಸಂಗಡಿ)

ಉತ್ತರ: ಹೇಳಿದವರು ಸರಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದಲ್ಲಿ ಜನಪ್ರಿಯವಾದ ಎಎಂಟಿ ಎಂದರೆ ಸಾಮಾನ್ಯ ಗೇರ್ ಬಾಕ್ಸೇ; ಕ್ಲಚ್ ತುಳಿಯುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ನಿಮ್ಮ ಕೈಕಾಲಿನ ಬದಲು ಯಂತ್ರ ಮಾಡುತ್ತದೆ. ಆದ್ದರಿಂದ ಚಡಾವಿನಲ್ಲಿ ನಿಂತಾಗ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಕಾರನ್ನು ಹಿಡಿದುಕೊಳ್ಳಬೇಡಿ. ಹಾಗೆ ಮಾಡಿದಾಗ ಯಂತ್ರವು ನಿಮ್ಮ ಪರವಾಗಿ ಹಾಫ್ ಕ್ಲಚ್ಚಿನಲ್ಲಿ ಪ್ಲೇಟನ್ನು ಸುಡುತ್ತಿರುತ್ತದೆ. ಕಾಲಿನ ಬ್ರೇಕಿನಲ್ಲಿ ನಿಲ್ಲಿಸಿ, ಹಿಲ್ ಹೋಲ್ಡ್ ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದುಕೊಂಡು, ಆಕ್ಸಿಲರೇಟರ್ ಒತ್ತಿ ಕಾರು ಮುಂದಕ್ಕೆ ತವಕಿಸಿದ ಮೇಲೆ ಬ್ರೇಕ್ ಇಳಿಸಿ. ಬದಿಯಡ್ಕದ ಓದುಗರಿಗೆ ಹೇಳಿದ ಕ್ರಮದಲ್ಲಿ ಎಡಗಾಲಿನ ಭಾಗವಷ್ಟೇ ನಿಮಗೆ ಇಲ್ಲ.

ಗೇರ್ ಬದಲಾಗುವಾಗ ಕಾರು ಒಮ್ಮೆ ತಡೆದಂತೆ ಅನ್ನಿಸಿದರೆ ಆ ಹೊತ್ತಿಗೆ ಆಕ್ಸಿಲರೇಟರನ್ನು ತುಸು ಸಡಿಲಿಸಿ, ತಡೆ ಕಡಿಮೆಯಾಗುತ್ತದೆ. ಉದ್ದದ ಇಳಿಜಾರಿನಲ್ಲಿ ಲಿವರನ್ನು ಮ್ಯಾನುವಲ್ ಬದಿಗೆ ಸರಿಸಿ, ಎರಡನೆಯ ಅಥವಾ ಮೂರನೆಯ ಗೇರನ್ನು ನೀವೇ ಆರಿಸಿಕೊಂಡು ಇಳಿಯಿರಿ. ನಿಲ್ಲಿಸಿ ಇಳಿದು ಹೋಗುವಾಗ ಗೇರಿನಲ್ಲಿಟ್ಟೇ ಇಂಜಿನ್ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆಯಿರಿ, ಏಕೆಂದರೆ ಹೆಚ್ಚಿನ ಎಎಂಟಿ ಕಾರುಗಳಲ್ಲಿ ಪಾರ್ಕಿಂಗ್ ಎಂಬ ಪ್ರತ್ಯೇಕ ಸ್ಥಾನ ಇರುವುದಿಲ್ಲ.